ಟೋಪಿ ಹಾಕಿಕೊಂಡವರು

ಏಜಿನಾ ದ್ವೀಪದ ಬಂದರುಕಟ್ಟೆಯಲ್ಲಿ ಹಳದಿ ಬಲೆಯ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದಲ್ಲಿ ಹೆಣೆಯುತ್ತ ಕೂತಿದ್ದ ಮುದುಕ ತಲೆಯೆತ್ತಿ ನನ್ನನ್ನು ನೋಡಿ "ಕಪೆತಾನಿಯೆ!" ಎಂದು ಕೂಗಿ ನಕ್ಕ. ಕ್ಯಾಪ್ಟನ್ ಸಾಹೇಬರೇ ಎಂದ ಹಾಗೆ. ನಾನೂ ನಕ್ಕೆ. ಹಿಂದಿನ ಸಂಜೆ ಅಥೆನ್ಸಿನ ಪ್ಲಾಕಾ ಪ್ರದೇಶದಲ್ಲಿ ಕೊಂಡಿದ್ದ ಕಡುನೀಲಿ ಉಣ್ಣೆಯ ಮೀನುಗಾರರ ಟೋಪಿ ನನ್ನ ತಲೆಯ ಮೇಲಿತ್ತು. ಅವನ ತಲೆಯ ಮೇಲೆ ಇದ್ದದ್ದು ಬೇಸ್‌ಬಾಲ್ ಟೋಪಿ, ಮುಂಭಾಗದಲ್ಲಿ ಯಾವುದೋ ದೋಣಿ ಇಂಜಿನ್ನಿನ ಜಾಹೀರಾತು.

ಈ ದೃಶ್ಯದ ತಮಾಷೆ ಅವನಿಗೆ ತಕ್ಷಣ ಹೊಳೆದಿತ್ತು. ನನಗೆ ಹೊಳೆಯಲು ಒಂದೆರಡು ನಿಮಿಷ ಬೇಕಾಯಿತು. ಆ ಕಟ್ಟೆಯ ಮೇಲೆ ಮೀನು ಹಿಡಿದು ಬದುಕುತ್ತಿದ್ದವನು ಅವನೊಬ್ಬ, ಮೀನುಗಾರನ ಟೋಪಿ ಹಾಕಿಕೊಂಡಿದ್ದವನು ನಾನೊಬ್ಬ.

ಪಕ್ಕದ ಕಾಫಿ ಅಂಗಡಿಯವನಿಗೆ ಇಂಗ್ಲಿಷ್ ಬರುತ್ತಿತ್ತು. ಅವನ ಮೂಲಕ ಮುದುಕ ಕೇಳಿದ ಮೊದಲ ಪ್ರಶ್ನೆ, ಎಷ್ಟು ಕೊಟ್ಟೆ? ನಾನು ಕೊಟ್ಟದ್ದು ಇಪ್ಪತ್ತೆಂಟು ಯೂರೊ. ಹದಿನೈದು ಅಂದೆ. ಅದಕ್ಕೂ ಅವನು "ಜಾಸ್ತಿಯಾಯ್ತು" ಎಂಬಂತೆ ತಲೆಯಾಡಿಸಿದ. ಸುಳ್ಳು ಹೇಳಿದ್ದು ಯಾಕೆ ಅಂತ ನನಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಮೋಸ ಹೋದವನ ಹಾಗೆ ಕಾಣಬಾರದು ಎಂಬ ಗ್ರಾಹಕನ ಜಂಬವಾದರೆ ಅದರಲ್ಲಿ ವಿಶೇಷವಿಲ್ಲ. ಕನ್ನಡದಲ್ಲಿ ಟೋಪಿ ಹಾಕಿಸಿಕೊಳ್ಳುವುದಕ್ಕೆ ಇರುವ ಅರ್ಥ ನಮಗೆಲ್ಲ ಗೊತ್ತು. ಆದರೆ ನನಗಾದದ್ದು ಆ ನಾಚಿಕೆಯಲ್ಲ. ಅವನ ಮನೆಯೊಳಗಿನ ಏನನ್ನೋ ಹೇಳದೆ ಎತ್ತಿಕೊಂಡು ಬಂದವನಿಗೆ ಆಗುವಂಥ ನಾಚಿಕೆ. ಮರುದಿನ ವಿಮಾನದಲ್ಲಿ, ಆಮೇಲೆ ಪುಣೆಯಲ್ಲಿ ಎಷ್ಟೋ ಬೆಳಗಿನ ವಾಕಿಂಗಿನಲ್ಲಿ, ಅದು ಸರಿಯಾದ ನಾಚಿಕೆಯೋ ಸುಮ್ಮನೆ ಮೃದು ಮನಸ್ಸಿನವರ ಗೀಳೋ ಎಂದು ಯೋಚಿಸಿದ್ದೇನೆ.

ಮೊದಲು ಟೋಪಿಯ ಬಗ್ಗೆ. ತಲೆಯ ಭಾಗ ಮೆತ್ತಗೆ, ಮುಂದೆ ಸ್ವಲ್ಪ ಎತ್ತರಿಸಿ ಹಿಂದಕ್ಕೆ ಇಳಿದಿರುತ್ತದೆ. ಹಣೆಪಟ್ಟಿಯ ಸುತ್ತ ಹೆಣೆದ ದಾರದ ಅಂಚು, ಮುಂದಿನ ಚಿಕ್ಕ ಛಜ್ಜದ ಮೇಲೂ ಅದೇ ಕಸೂತಿ, ಎರಡು ಬದಿಗೆ ಎರಡು ಗುಂಡಿ. ಕಪ್ಪು ಇಲ್ಲವೆ ಕಡುನೀಲಿ. ಇಷ್ಟೇ. ಆದರೆ ಒಂದೊಂದಕ್ಕೂ ಕಾರಣವಿದೆ. ನೀರಿನಿಂದ ಚಿಮ್ಮುವ ಬೆಳಕು ಕಣ್ಣಿಗೆ ಹೊಡೆಯದಿರಲು ಛಜ್ಜ ಬೇಕು, ಆದರೆ ಅದು ಅಗಲವಾದರೆ ಗಾಳಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿಗೆ ಅಗಲ ಅಂಚಿನ ಯಾವ ಹ್ಯಾಟೂ ನಿಲ್ಲದು. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ, ಸಣ್ಣ ತುಂತುರನ್ನು ಒಳಗೆ ಬಿಡುವುದಿಲ್ಲ. ಮೆತ್ತಗಿರುವುದರಿಂದ ಮಡಚಿ ಜೇಬಿಗೆ ತುರುಕಬಹುದು. ಚಂದ ಮಾಡಬೇಕೆಂದು ಯಾರೂ ಕೂತು ಮಾಡಿದ್ದಲ್ಲ, ಬೇಡವಾದದ್ದೆಲ್ಲ ಉದುರಿ ಉಳಿದ ಚಂದ. ಈ ಟೋಪಿ ಇಷ್ಟು ಕಾಲ ಜನರನ್ನು ಸೆಳೆದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋರುವುದಿಲ್ಲ. ನಾವು ಬರೆಯುವ ಸಾಫ್ಟ್‌ವೇರಿನಲ್ಲಿ ಬೇಡವಾದದ್ದು ಎಂದೂ ಉದುರುವುದಿಲ್ಲ, ಆ ಮಾತು ಬೇರೆ.

ನನ್ನ ಟೀಮಿನ ಒಬ್ಬಳು ಹುಡುಗಿ, ಇಪ್ಪತ್ತಾರರ ಆಸುಪಾಸು, ಟೋಪಿ ನೋಡಿದವಳೇ "ಸರ್, ಇದು ಕಲ್ಚರಲ್ ಅಪ್ರೊಪ್ರಿಯೇಷನ್" ಅಂದಳು. ಅರ್ಧ ತಮಾಷೆ, ಅರ್ಧ ನಿಜ. ಪರಸಂಸ್ಕೃತಿಯನ್ನು ಕದ್ದು ಮೈಮೇಲೆ ಹಾಕಿಕೊಂಡಿದ್ದೀರಿ ಎಂಬ ಆರೋಪ. ಅವಳಿಗೆ ಉತ್ತರ ಕೊಡಲೆಂದೇ ನಾನು ಟೋಪಿಯ ಕುಲ ಹುಡುಕಲು ಹೊರಟೆ.

ಹುಡುಕಿದರೆ ಅದು ಗ್ರೀಕರದ್ದೇ ಅಲ್ಲ. ಪುರಾತನ ಗ್ರೀಕ್ ನಾವಿಕರ ಟೋಪಿ ಪಿಲೋಸ್, ಒತ್ತಿದ ಉಣ್ಣೆಯ ಶಂಕುವಿನಾಕಾರದ್ದು. ಹಳೆಯ ಚಿತ್ರ, ಶಿಲ್ಪಗಳಲ್ಲಿ ಒಡಿಸ್ಯೂಸನನ್ನು ಗುರುತಿಸುವುದೇ ಆ ಟೋಪಿಯಿಂದ. ಛಜ್ಜವಿರುವ ಈ ಟೋಪಿ ಯುರೋಪಿನ ಸೈನ್ಯ, ನೌಕಾಪಡೆಗಳ ಸಾದಾ ಟೋಪಿಗಳ ಸಂತತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದರಿನಿಂದ ಬಂದರಿಗೆ ಹಡಗಿನವರ ತಲೆಯ ಮೇಲೆ ಕೂತು ತಿರುಗಿದ್ದು. ಹ್ಯಾಂಬರ್ಗಿನಲ್ಲಿ ಇದರ ದಾಯಾದಿಗೆ ಎಲ್ಬ್‌ಸೆಗ್ಲರ್ ಎನ್ನುತ್ತಾರೆ, ಎಲ್ಬ್ ನದಿಯ ನಾವಿಕ. ಇನ್ನೊಂದು ದಾಯಾದಿಗೆ ಕೈಸರ್ ಎರಡನೆಯ ವಿಲ್ಹೆಲ್ಮನ ತಮ್ಮ, ನೌಕಾಪಡೆಯಲ್ಲಿದ್ದ ರಾಜಕುಮಾರ ಹೈನ್‌ರಿಶ್‌ನ ಹೆಸರು. 1974ರಿಂದ 82ರವರೆಗೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ಹೆಲ್ಮುಟ್ ಶ್ಮಿಟ್‌ರ ಗುರುತೇ ಇಂಥ ಟೋಪಿ. ರಷ್ಯಾದಲ್ಲಿ ಇದೇ ಬಳಗದ ಟೋಪಿಯನ್ನು ಕಾರ್ಮಿಕರು ಹಾಕುತ್ತಿದ್ದರು, ಅವರಿಂದ ಲೆನಿನ್ನನ ತಲೆಗೂ ಬಂತು. ಪೋಲೆಂಡಿನಲ್ಲಿ ಪಿಲ್ಸುಡ್‌ಸ್ಕಿ. ಪೂರ್ವ ಯುರೋಪಿನ ಯೆಹೂದಿ ಹಳ್ಳಿಗಳಲ್ಲಿ ಕಾಸ್ಕೆಟ್. 1964ರಲ್ಲಿ ಜಾನ್ ಲೆನನ್ ಹಾಕಿಕೊಂಡ ಮೇಲೆ ಹುಡುಗರೆಲ್ಲರ ಪಾಲಾಯಿತು. ಚಕ್ರವರ್ತಿಯ ತಮ್ಮನಿಗೂ ಚಕ್ರವರ್ತಿಗಳ ವಿರುದ್ಧ ನಿಂತವನಿಗೂ ಒಂದೇ ಬಳಗದ ಟೋಪಿ!

ಈಗ ಇದನ್ನು ಯಾರು ಯಾರಿಂದ ಕದ್ದರು ಎನ್ನುವುದು? ಗ್ರೀಕರು ಉತ್ತರದವರಿಂದ ಪಡೆದರು, ತಮ್ಮ ಬಿಸಿಲಿಗೆ, ಗಾಳಿಗೆ ಹೊಂದಿಸಿಕೊಂಡರು. ಪ್ರವಾಸಿಗಳು ಗ್ರೀಕರಿಂದ ಕೊಂಡರು. ಹಳೆಯ ಸಾಮಾನುಗಳ ವಂಶಾವಳಿ ಹೀಗೆಯೇ. ನಮ್ಮ ಹುಡುಗಿಗೆ ಇದೆಲ್ಲ ಹೇಳಿದೆ. ಅವಳು ಒಪ್ಪಿದಳು. ಆದರೆ ವಾದದಲ್ಲಿ ಗೆದ್ದ ಮೇಲೂ ಏಜಿನಾದ ನಾಚಿಕೆ ಹೋಗಲಿಲ್ಲ. ಅಂದರೆ ಪ್ರಶ್ನೆ ದೇಶ, ಸಂಸ್ಕೃತಿಗಳದ್ದಲ್ಲ. ಗಡಿ ದಾಟಿದ್ದರಲ್ಲಿ ತಪ್ಪಿಲ್ಲ. ತಪ್ಪು ಎಂಬುದಿದ್ದರೆ ಬೇರೆ ಕಡೆ ಇದೆ.

ಮುದುಕನ ಕಡೆ ಹೋಗೋಣ. ಕಾಫಿ ತರಿಸಿದ ಮೇಲೆ ಅವನು ಹೆಚ್ಚು ಮಾತಾಡಿದ. ಅವನ ದೋಣಿಯ ಪಕ್ಕದಲ್ಲಿ ಖಾಲಿಯಾಗಿದ್ದ ಜಾಗ ತೋರಿಸಿ, ಅಲ್ಲಿ ಸ್ನೇಹಿತನ ದೋಣಿ ನಿಲ್ಲುತ್ತಿತ್ತು, ಒಡೆಸಿಬಿಟ್ಟ ಎಂದ. ಒಡೆಯಿತು ಅಲ್ಲ, ಒಡೆಸಿಬಿಟ್ಟ.

ಯುರೋಪಿಯನ್ ಒಕ್ಕೂಟದ ಸಮುದ್ರಗಳಲ್ಲಿ ಮೀನು ಕಡಿಮೆಯಾಗುತ್ತ ಬಂದಾಗ ದೋಣಿಗಳನ್ನು ಕಡಿಮೆ ಮಾಡಬೇಕೆಂಬ ತೀರ್ಮಾನವಾಯಿತು. ತೀರ್ಮಾನ ತಪ್ಪೆನ್ನಲಾಗದು. ಸಂಖ್ಯೆಯಲ್ಲಿ ಒಕ್ಕೂಟದಲ್ಲೇ ಅತಿ ಹೆಚ್ಚು ಮೀನುದೋಣಿಗಳಿರುವುದು ಗ್ರೀಸಿನಲ್ಲಿ, ಅವುಗಳಲ್ಲಿ ಬಹುಪಾಲು ಒಬ್ಬಿಬ್ಬರು ಹೋಗುವ ಸಣ್ಣ ದೋಣಿಗಳು. 1990ರ ದಶಕದಿಂದ ಪರವಾನಗಿ ಮರಳಿಸಿದ ಮೀನುಗಾರನಿಗೆ ಹಣ ಕೊಡುವ ಯೋಜನೆ ಬಂತು. ಯಾರಿಗೂ ಬಲವಂತವಿಲ್ಲ. ಆದರೆ ಹಣ ಬೇಕಿದ್ದರೆ ದೋಣಿ ಮತ್ತೆ ಸಮುದ್ರಕ್ಕೆ ಇಳಿಯದಂತೆ ನಾಶವಾಗಬೇಕು. ಹೀಗೆ ತ್ರೆಹಂದೀರಿ ಮುಂತಾದ ಸಾವಿರಾರು ಮರದ ದೋಣಿಗಳನ್ನು ಎತ್ತುವ ಯಂತ್ರದ ಹಲ್ಲಿನಿಂದ ದಡದ ಮೇಲೆ ಪುಡಿ ಮಾಡಿದರು. ತ್ರೆಹಂದೀರಿ ಎಂದರೆ ಎರಡೂ ತುದಿ ಚೂಪಾಗಿ ಮೇಲೆದ್ದಿರುವ ದೋಣಿ; ಬಡಗಿಗಳು ಅಪ್ಪನಿಂದ ಬಂದ ಮರದ ಅಚ್ಚುಗಳನ್ನಿಟ್ಟುಕೊಂಡು, ಕಣ್ಣಳತೆಯಲ್ಲಿ ಕಟ್ಟಿದ್ದು. ಗ್ರೀಸಿನ ಪೋಸ್ಟ್‌ಕಾರ್ಡುಗಳಲ್ಲಿ ಬಿಳಿ ಮನೆಗಳ ಮುಂದೆ ನೀಲಿ ಬಣ್ಣದಲ್ಲಿ ತೇಲುತ್ತಿರುತ್ತದಲ್ಲ, ಅದು.

ಸ್ನೇಹಿತ ಹಣ ತೆಗೆದುಕೊಂಡು, ಯಂತ್ರ ಬರುವ ದಿನ ಊರು ಬಿಟ್ಟು ಪೈರಿಯಸ್‌ಗೆ ಹೋಗಿಬಿಟ್ಟನಂತೆ. ನೋಡಲು ನಿಂತದ್ದು ಈ ಮುದುಕ.

ಇದನ್ನು ಕೇಳುವಾಗ ನನಗೆ ಬೇರೊಂದು ಮೀಟಿಂಗ್ ರೂಮು ನೆನಪಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿಯಲ್ಲಿ ಹಳೆಯ ಮೇನ್‌ಫ್ರೇಮ್ ವ್ಯವಸ್ಥೆಯನ್ನು ಮುಚ್ಚಿ ಹೊಸದಕ್ಕೆ ಹೋಗುವ ಪ್ರಾಜೆಕ್ಟು. ಸ್ಲೈಡು ಮಾಡಿದ್ದು ನಾನು. ಎಡಗಡೆ "ಲೆಗಸಿ", ಬಲಗಡೆ "ಭವಿಷ್ಯ", ನಡುವೆ ಒಂದು ಬಾಣ. ಎಡಗಡೆಯ ಡಬ್ಬಿಯಲ್ಲಿ ಇಪ್ಪತ್ತು ವರ್ಷದಿಂದ ಕೊಬಾಲ್ ಬರೆಯುತ್ತಿದ್ದ ಒಬ್ಬರಿದ್ದರು, ನನಗಿಂತ ಎಂಟು ವರ್ಷ ದೊಡ್ಡವರು, ನನಗೆ ಆ ವ್ಯವಸ್ಥೆಯ ಒಳಹೊರಗನ್ನು ಕಲಿಸಿದವರು. ಸ್ವಇಚ್ಛೆಯಿಂದ ಬಿಡುವವರಿಗೆ ಇಷ್ಟು ತಿಂಗಳ ಸಂಬಳ ಎಂದು ಪ್ರಕಟಣೆ ಬಂತು. ಯಾರಿಗೂ ಬಲವಂತವಿರಲಿಲ್ಲ. ಅವರು ತೆಗೆದುಕೊಂಡರು. ಕೊನೆಯ ದಿನ ಕೇಕು ಕತ್ತರಿಸಿದೆವು. ಒಂದು ವರ್ಷದ ನಂತರ ರಿಸೆಪ್ಷನ್ನಿನ ಗೋಡೆಗೆ ಹೊಸ ಅಲಂಕಾರ ಬಂತು: ಚೌಕಟ್ಟಿನೊಳಗೆ ಹಳೆಯ ಪಂಚ್ ಕಾರ್ಡುಗಳು, ಹಸಿರು ಅಕ್ಷರದ ಟರ್ಮಿನಲ್ಲಿನ ಫೋಟೊ, ಕೆಳಗೆ "ನಮ್ಮ ಪರಂಪರೆ". ನೋಡಲು ಚಂದವೇ ಇತ್ತು. ನಾನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೇನೆ.

ಹಾಗಾದರೆ ಏಜಿನಾದಲ್ಲಿ ಆದ ನಾಚಿಕೆಗೆ ಮೂಲ ಇದು ಎಂದು ಈಗ ಅನ್ನಿಸುತ್ತದೆ. ಒಂದು ಕೆಲಸವನ್ನು ನಿಲ್ಲಿಸುವ ಲೋಕದಲ್ಲಿ ನಾನು ಆರಾಮಾಗಿದ್ದೇನೆ, ಆ ಕೆಲಸದ ಗುರುತನ್ನು ತಲೆಯ ಮೇಲೆ ಇಟ್ಟುಕೊಳ್ಳುವ ಆಸೆಯೂ ನನಗಿದೆ. ದೋಣಿ ಹೋದಷ್ಟೂ ಟೋಪಿ ಚಂದ ಕಾಣುತ್ತದೆ. ಆ ಟೋಪಿಗೆ ಮೀನಿನ ವಾಸನೆ ಇನ್ನೂ ಬಡಿಯುತ್ತಿದ್ದರೆ ನಾನು ಕೊಳ್ಳುತ್ತಿದ್ದೆನೆ?

ಆದರೆ ಇಲ್ಲಿ ಇನ್ನೊಂದು ಅಪಾಯವಿದೆ, ನನ್ನಂಥವರು ಹೆಚ್ಚಾಗಿ ಬೀಳುವುದು ಆ ಹಳ್ಳಕ್ಕೇ. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1935–36ರಲ್ಲಿ ಕಲೆಯ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ವ್ಯಾನ್ ಗೋ ಬರೆದ ಹಳೆಯ ಶೂಗಳ ಚಿತ್ರವನ್ನು ವರ್ಣಿಸುತ್ತಾನೆ. ಆ ಸವೆದ ಶೂಗಳೊಳಗಿನ ಕತ್ತಲಲ್ಲಿ ಅವನಿಗೆ ರೈತ ಹೆಂಗಸೊಬ್ಬಳ ಇಡೀ ಬದುಕು ಕಾಣುತ್ತದೆ: ಹೊಲ, ಗಾಳಿ, ದಣಿವು, ರೊಟ್ಟಿಯ ಚಿಂತೆ. ಓದಿದರೆ ಕಣ್ಣು ತೇವವಾಗುವಂಥ ಭಾಗ. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೊ ತಣ್ಣಗೆ ಒಂದು ಮಾತು ಹೇಳಿದ. ಆ ಶೂ ರೈತ ಹೆಂಗಸಿನದ್ದಲ್ಲ, ಆಗ ಪಟ್ಟಣದಲ್ಲಿದ್ದ ವ್ಯಾನ್ ಗೋನದ್ದೇ. ರೈತಳನ್ನು ಅದರೊಳಗೆ ತಂದು ನಿಲ್ಲಿಸಿದ್ದು ಹೈಡೆಗರ್‌ನ ಮನಸ್ಸು. (ಆಮೇಲೆ ಡೆರಿಡಾ ಬಂದು, ಅವೆರಡೂ ಒಂದೇ ಜೋಡಿಯ ಶೂ ಅಂತ ನಿಮಗ್ಯಾರು ಹೇಳಿದರು ಎಂದು ಇಬ್ಬರನ್ನೂ ಕೇಳಿದ. ಟೆಸ್ಟಿಂಗ್ ವಿಭಾಗದಲ್ಲಿ ಇರಬೇಕಾಗಿದ್ದ ಮನುಷ್ಯ.)

ನನ್ನ ಟೋಪಿಯೊಳಗೂ ನಾನು ಒಬ್ಬ ಮೀನುಗಾರನನ್ನು ತಂದು ನಿಲ್ಲಿಸಿರುವುದು ಸಾಧ್ಯ. ಬೆಳಗಿನ ಜಾವ ಎದ್ದು ಹೋಗುವ, ಮೌನಿಯಾದ, ತನ್ನ ಕೆಲಸದ ಯಜಮಾನ ತಾನೇ ಆದ ಮನುಷ್ಯ. ಕ್ಯಾಲೆಂಡರಿನಲ್ಲಿ ಹನ್ನೊಂದು ಕಾಲ್‌ಗಳಿರುವ ದಿನ ನಾನು ಆಗಬೇಕೆಂದುಕೊಳ್ಳುವ ಮನುಷ್ಯ. ನಿಜವಾದ ಮುದುಕನೋ, ಅವನಿಗೆ ಮೊಣಕಾಲು ನೋವು, ಡೀಸೆಲ್ ರೇಟಿನ ಚಿಂತೆ. ಮಗನಿಗೆ ಈ ಕೆಲಸ ಬೇಡ ಎಂದು ತಾನೇ ಹೇಳಿ ಕಳಿಸಿದ್ದಾನೆ. "ನಿನಗೆ ಬೇಕಾ ದೋಣಿ?" ಎಂದು ನನ್ನನ್ನೇ ಕೇಳಿದ. ನಾನು ಮತ್ತೆ ನಕ್ಕೆ. ಅವನು ಆ ಸಲ ನಗಲಿಲ್ಲ.

ಕಷ್ಟವನ್ನು ನೆನಪಿಟ್ಟುಕೊಳ್ಳುವ ಬಗೆ ಗ್ರೀಕರಿಗೆ ಗೊತ್ತಿಲ್ಲವೆಂದಲ್ಲ. ಕಾಲಿಮ್ನೊಸ್ ದ್ವೀಪದವರು ಸಮುದ್ರದ ತಳದಿಂದ ಸ್ಪಂಜು ತರುವ ಮುಳುಗುಗಾರರು. ಚಪ್ಪಟೆ ಕಲ್ಲೊಂದನ್ನು ಹಿಡಿದು ಒಂದೇ ಉಸಿರಲ್ಲಿ ಇಳಿದು ಬರುವುದು ಹಳೆಯ ಕ್ರಮ. 1860ರ ದಶಕದಲ್ಲಿ ಗಾಳಿಕೊಳವೆಯ ಮುಳುಗುಡುಪು ಬಂದ ಮೇಲೆ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ಹೋಗತೊಡಗಿದರು. ಬೇಗ ಮೇಲೆ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುತ್ತವೆಂದು ಆಗ ಯಾರಿಗೆ ಗೊತ್ತು? ಎಷ್ಟೋ ಮಂದಿ ಸತ್ತರು, ಸಾಯದವರಲ್ಲಿ ಎಷ್ಟೋ ಮಂದಿಗೆ ಕಾಲು ಹೋಯಿತು. ಆ ದ್ವೀಪದಲ್ಲಿ ಮಿಹಾನಿಕೊಸ್ ಎಂಬ ಕುಣಿತವಿದೆ. ಸಾಲಿನ ಮುಂದಿರುವವನು ಕೋಲೂರಿ, ನಡುಗುವ ಕಾಲುಗಳಲ್ಲಿ, ಆ ಲಕ್ವ ಹೊಡೆದ ಮುಳುಗುಗಾರನಾಗಿ ಕುಣಿಯುತ್ತಾನೆ. ಅಲ್ಲಿಯ ಮದುವೆಯಲ್ಲಿ ಕೂತವರಿಗೆ ಆ ನಡುಗು ಯಾರದ್ದೆಂದು ಗೊತ್ತು.

ಅದೇ ದ್ವೀಪಗಳ ಜನ 1905ರಿಂದ ಅಮೆರಿಕದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ಗೆ ವಲಸೆ ಹೋದರು, ಅಲ್ಲಿಯೂ ಸ್ಪಂಜಿನ ಕೆಲಸವೇ. 1947ರಲ್ಲಿ ಸಮುದ್ರ ಕೆಂಪಾಗಿ ಪಾಚಿಯ ವಿಷ ಹರಡಿ ಸ್ಪಂಜುಗಳು ಸತ್ತವು. ಊರು ಪ್ರವಾಸಿಗಳ ಕಡೆ ತಿರುಗಿತು. ಈಗ ಅಲ್ಲಿಯ ಡೊಡೆಕನೀಸ್ ಬುಲೆವಾರ್ಡಿನ ಅಂಗಡಿಗಳಲ್ಲಿ ಸ್ಪಂಜಿನ ಪಕ್ಕದಲ್ಲಿ ಈ ಟೋಪಿಯೂ ಇರುತ್ತದೆ. ಮೊಮ್ಮಕ್ಕಳು ಅಜ್ಜಂದಿರ ಟೋಪಿ ಮಾರಿ ಬದುಕಿದರೆ ತಪ್ಪು ಹೇಳುವ ಹಕ್ಕು ನನಗಿಲ್ಲ. ಮಾರುವುದು ಅವರ ನೆನಪು, ಬೆಲೆ ಅವರೇ ಹೇಳಲಿ. ಕೊಳ್ಳುವವನ ಪಾಡು ಮಾತ್ರ ಬೇರೆ.

ಇದು ನನಗೆ ಸರಿಯಾಗಿ ತಾಗಿದ್ದು ಗ್ರೀಸಿನಲ್ಲಲ್ಲ, ಪುಣೆಯಲ್ಲಿ. ನಾವು ಕೆಲವು ಕನ್ನಡಿಗರು ಸೇರಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಅತಿಥಿಗಳಿಗೆ ಮೈಸೂರು ಪೇಟ, ಅದು ಎಲ್ಲ ಕಡೆಯೂ ಇದ್ದದ್ದೇ. ಆ ವರ್ಷ ಯಾರಿಗೋ ಹೊಸ ಆಲೋಚನೆ ಬಂತು. ಕರಾವಳಿಯ ಊಟದ ಮಳಿಗೆಯಲ್ಲಿ ಬಡಿಸುವವರಿಗೆಲ್ಲ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಸೋಣ. ಊರಿನಿಂದ ತರಿಸಿದೆವು. ಎಲ್ಲರೂ ಹಾಕಿಕೊಂಡು ಸೆಲ್ಫಿ ತೆಗೆದುಕೊಂಡರು, ನಾನೂ. ಕುಂದಾಪುರದ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅಮ್ಮನಿಗೆ ಮನೆಯಲ್ಲಿ ಫೋಟೊ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಇದನ್ ಹಾಯ್ಕಂಡ್ ಆಗ ಯಾರೂ ಫೋಟೊ ತೆಗ್ಸ್ಕಂಡದ್ದಿಲ್ಲ ಮಗಾ" ಅಂದಳು.

ಆಮೇಲೆ ಹೇಳಿದಳು. ಭೂಸುಧಾರಣೆಗೆ ಮುಂಚಿನ ಮಾತು. ಅಜ್ಜ ಗೇಣಿ ಅಕ್ಕಿಯ ಮುಡಿಯನ್ನು ತಲೆಯ ಮೇಲೆ ಹೊತ್ತು ಒಡೆಯರ ಮನೆಗೆ ಹೋಗುತ್ತಿದ್ದರು. ಮುಡಿಯ ಭಾರ ನೆತ್ತಿಗೆ ಒತ್ತದ ಹಾಗೆ ನಡುವೆ ಮುಟ್ಟಾಳೆ. ಅಂಗಳದಲ್ಲಿ ಮುಡಿ ಇಳಿಸಿದ ಕೂಡಲೇ ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕು. ಜಗಲಿಗೆ ಹತ್ತುವ ಹಾಗಿಲ್ಲ. ಚಿಕ್ಕವಳಾಗಿದ್ದ ಅಮ್ಮ ಹಿಂದೆ ಹೋಗಿ ನೋಡಿದ್ದಳು. ಅವಳಿಗೆ ನೆನಪಿರುವುದು ಬಿಸಿಲಲ್ಲಿ ಹೊಳೆಯುತ್ತಿದ್ದ ಅಜ್ಜನ ಬೆವರಿದ ನೆತ್ತಿ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ರಕ್ತಸಂಬಂಧವಿದ್ದೂ, ಭಾಷೆ ಒಂದೇ ಆಗಿದ್ದೂ, ಆ ಟೋಪಿ ನನ್ನ ತಲೆಯ ಮೇಲೆ ಏಜಿನಾದ ಟೋಪಿಯಷ್ಟೇ ಪರಕೀಯವಾಗಿತ್ತು. ನಮ್ಮ ಹುಡುಗಿಯ ಆರೋಪಪಟ್ಟಿಯ ಪ್ರಕಾರ ಮುಟ್ಟಾಳೆ ಹಾಕುವ ಹಕ್ಕು ನನಗೆ ಪೂರ್ತಿ ಇದೆ. ಹಕ್ಕಿದೆ, ಆದರೆ ಅದರ ಲೆಕ್ಕ ನನಗೆ ಗೊತ್ತಿರಲಿಲ್ಲ. ಅಮ್ಮ ಬೇಡ ಎನ್ನಲಿಲ್ಲ, ಬೇಜಾರೂ ಮಾಡಿಕೊಂಡ ಹಾಗಿರಲಿಲ್ಲ. ಮರುವರ್ಷ ನಾವು ಮುಟ್ಟಾಳೆಯನ್ನು ಕೈಬಿಡಲೂ ಇಲ್ಲ. ಅದನ್ನು ಹಾಕಿಕೊಂಡು ನಗುವ ಹುಡುಗರನ್ನು ನೋಡಿ, ಈಗ ಇವರು ಜಗಲಿಯ ಮೇಲೆಯೇ ನಿಂತಿದ್ದಾರಲ್ಲ, ಇದೂ ಒಂದು ಬಗೆಯ ತೀರುವೆಯೇ ಇರಬಹುದು ಎಂದೂ ಅನ್ನಿಸಿದ್ದುಂಟು. ಒಮ್ಮೊಮ್ಮೆ ಹಾಗೆ, ಒಮ್ಮೊಮ್ಮೆ ಹೀಗೆ. ಮ್ಯಾನೇಜರನಾದವನು ಇಂಥದ್ದನ್ನು "ಓಪನ್ ಇಶ್ಯೂ" ಎಂದು ಬರೆದಿಡುತ್ತಾನೆ.

ನಮ್ಮ ಕೆಲಸಕ್ಕೆ ಟೋಪಿಯೇ ಇಲ್ಲ. ಮೀಟಿಂಗುಗಳಲ್ಲಿ "ಈಗ ನಾನು ಆರ್ಕಿಟೆಕ್ಟ್ ಹ್ಯಾಟ್ ಹಾಕ್ಕೊಂಡು ಮಾತಾಡ್ತೀನಿ" ಎನ್ನುತ್ತೇವೆ, ತಲೆ ಮಾತ್ರ ಬೋಳು. ಇರುವುದು ಕೊರಳಿನ ಐಡಿ ಟ್ಯಾಗು. ಐವತ್ತು ವರ್ಷದ ನಂತರ ಯಾವುದೋ ದೇಶದ ಯುವಕನೊಬ್ಬ ಅಂಥ ಟ್ಯಾಗನ್ನು ಅಂಗಡಿಯಲ್ಲಿ ಕೊಂಡು, ಚಂದಕ್ಕೆ ಕೊರಳಿಗೆ ಹಾಕಿಕೊಂಡು, ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಸರಿ ಮಾಡುತ್ತಿದ್ದವರ ಸರಳ, ಗಂಭೀರ ಬದುಕನ್ನು ಊಹಿಸಿಕೊಳ್ಳುತ್ತಾನೆಯೇ? ಊಹಿಸಿಕೊಂಡರೆ ನನಗೆ ಸಿಟ್ಟು ಬರುತ್ತದೆಯೇ, ಖುಷಿಯಾಗುತ್ತದೆಯೇ? ಖುಷಿ ಎಂದೇ ತೋರುತ್ತದೆ. ಜೊತೆಗೆ, ಅವನು ಒಂದು ಪ್ರಶ್ನೆಯನ್ನಾದರೂ ಕೇಳಲಿ ಎಂದೂ ಅನ್ನಿಸುತ್ತದೆ. ಕೊಬಾಲ್ ಬರೆಯುತ್ತಿದ್ದ ಆ ಹಿರಿಯರಿಗೆ ಕಳೆದ ವರ್ಷ ಫೋನು ಮಾಡಿದೆ. ಅವರು ಈಗ ಊರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಸ್ಲೈಡಿನ ವಿಷಯ ನಾನು ಎತ್ತಲಿಲ್ಲ. ರಿಸೆಪ್ಷನ್ನಿನ ಪಂಚ್ ಕಾರ್ಡುಗಳ ವಿಷಯ ಹೇಳಿದೆ. ಅವುಗಳಲ್ಲಿ ಏನು ತೂತು ಹೊಡೆದಿದೆ ಎಂದು ಯಾರಾದರೂ ಓದಿ ನೋಡಿದರಾ ಎಂದು ಕೇಳಿದರು. ಓದಿರಲಿಲ್ಲ.

ಟೋಪಿಯನ್ನು ನಾನು ಈಗಲೂ ಹಾಕುತ್ತೇನೆ. ಹೊರಡುವ ಮುಂಚೆ ಆ ಮುದುಕ ಕೈಚಾಚಿ ನನ್ನ ತಲೆಯಿಂದ ಅದನ್ನು ತೆಗೆದುಕೊಂಡು, ಒಳಗಿನ ಹೊಲಿಗೆ ನೋಡಿ, ಛಜ್ಜವನ್ನು ಎರಡು ಹೆಬ್ಬೆರಳಲ್ಲಿ ಒತ್ತಿ ಕೆಳಕ್ಕೆ ಬಾಗಿಸಿ ವಾಪಸು ಕೊಟ್ಟಿದ್ದ. ಅಂಗಡಿಯಲ್ಲಿ ಅದು ನೆಟ್ಟಗೆ ಇತ್ತು. ಬಾಗಿಸಿದ ಮೇಲೆ ಬದಿಯ ಬೆಳಕು ಕಣ್ಣಿಗೆ ಬರುವುದಿಲ್ಲ. ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಡೆಯುವಾಗ ಅದರ ಉಪಯೋಗ ಗೊತ್ತಾಗುತ್ತದೆ.

ಮೊನ್ನೆ ಅಮ್ಮ ಬಾಲ್ಕನಿಯಲ್ಲಿ ಅದನ್ನು ಬಿಸಿಲಿಗೆ ಹಾಕುತ್ತ, ಒಳಗೆ ಕೈಯಾಡಿಸಿ, ಎಷ್ಟು ಕೊಟ್ಟೆ ಎಂದಳು. ಈ ಸಲ ಇಪ್ಪತ್ತೆಂಟು ಯೂರೊ ಎಂದೇ ಹೇಳಿದೆ, ರೂಪಾಯಿಗೆ ಲೆಕ್ಕ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಗುಣಿಸಿ, "ಒಂದ್ ಮುಡಿ ಅಕ್ಕಿ ಬತ್ತಿತ್ತ್" ಅಂದು, ಟೋಪಿಯನ್ನು ಮಗುಚಿ ಇನ್ನೊಂದು ಬದಿಯನ್ನು ಬಿಸಿಲಿಗೆ ಮಾಡಿದಳು.